ಯಾರ ತಪ್ಪೂ ಅಲ್ಲದ ತಪ್ಪು

ಮುಂಗಾರಿಗೆ ಮುಂಚೆ ಕುಂಟೆ ಹೊಡೆಯುವಾಗ ಹೊಲದಲ್ಲಿ ಟಿಟ್ಟಿಭ ತಲೆ ಮೇಲೆ ಹಾರಿ ಕಿರುಚಿದರೆ ಅಪ್ಪ ಎತ್ತು ನಿಲ್ಲಿಸುತ್ತಿದ್ದ. ಮೊಟ್ಟೆ ಹುಡುಕಿ, "ಬಾಣಂತಿ ಕುಂತಾಳ, ಬಳಸಿ ಹೊಡಿ" ಅನ್ನುತ್ತಿದ್ದ. ಅಷ್ಟು ಜಾಗ ಹಾಗೇ ಉಳಿಯುತ್ತಿತ್ತು.

ಈಗ ನಾನು ಟ್ರ್ಯಾಕ್ಟರುಗಳಿಗೆ ದಾರಿ ತೋರಿಸುವ ಕೋಡ್ ಬರೆಯುತ್ತೇನೆ. ಅವು ಓಡೋದು ಅಮೆರಿಕ, ಕೆನಡಾದ ಪ್ರೇರಿ ಬಯಲಿನಲ್ಲಿ. ನಮ್ಮ ಅಡ್ಡಿಗಳ ಪಟ್ಟಿಯಲ್ಲಿ ಕಂಬ, ಬಂಡೆ, ಬೇಲಿ ಎಲ್ಲ ಇವೆ. ಗೂಡು ಇಲ್ಲ. ಯಾರೂ ಬೇಡ ಅಂದಿದ್ದಲ್ಲ, ಯಾರಿಗೂ ಹೊಳೆದಿರಲಿಲ್ಲ. ನನಗೂ.

ಹೊಳೆದದ್ದು ಸೂಜಿಬಾಲದ ಬಾತಿನ ಬಗ್ಗೆ ಓದಿದಾಗ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವ ಜಾತಿಯೇ ಇದು, ಆದರೆ ಇಲ್ಲಿಗೆ ಬರುವವು ಏಷ್ಯಾದ ಉತ್ತರದವು. ಪ್ರೇರಿಯಲ್ಲಿ ಹಿಮಯುಗ ಬಿಟ್ಟುಹೋದ ಲಕ್ಷಾಂತರ ಹೊಂಡಗಳಿವೆ. ಹಿಮ ಕರಗಿ ಅವು ತುಂಬುತ್ತಿದ್ದಂತೆ ಈ ಬಾತು ಬೇಗನೆ ಬಂದು, ಎಷ್ಟೋ ಸಲ ನೀರಿನಿಂದ ದೂರದಲ್ಲಿ, ಗಿಡ್ಡ ಹುಲ್ಲಿನ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಈಗ ಆ ಹುಲ್ಲುಗಾವಲಿನ ಬಹುಪಾಲು ಬೆಳೆ ಬೆಳೆಯುವ ಹೊಲ. ಕೊಯ್ಲಾದ ಮೇಲೆ ಉಳಿದ ಕೂಳೆಯಲ್ಲೇ ಅದು ಗೂಡು ಮಾಡುತ್ತದೆ. ಕಾವು ಕೂತ ಹೊತ್ತಿಗೇ ಬಿತ್ತನೆಯ ಯಂತ್ರ ಬರುತ್ತದೆ. ಬರ, ಬಸಿದುಹೋದ ಹೊಂಡಗಳು, ಈ ಉಳುಮೆ ಎಲ್ಲ ಸೇರಿ, ಉತ್ತರ ಅಮೆರಿಕದ ಗಣತಿಯಲ್ಲಿ 1956ರಲ್ಲಿ ಸುಮಾರು 1 ಕೋಟಿ ಇದ್ದ ಬಾತು 2022ರಲ್ಲಿ ಸುಮಾರು 18 ಲಕ್ಷಕ್ಕೆ ಇಳಿಯಿತು.

ಇದು ಯಾರ ತಪ್ಪು? ರೈತ ಸಮಯಕ್ಕೆ ಬಿತ್ತಲೇಬೇಕು, ಆ ಎತ್ತರದ ಕ್ಯಾಬಿನ್ನಿನಿಂದ ಅವನಿಗೆ ಗೂಡು ಕಾಣೋದೂ ಇಲ್ಲ. ಬಾತು ತನ್ನ ಹಳೇ ನೆಲಕ್ಕೇ ಬಂದಿದೆ. ನನ್ನ ಕೋಡ್ ಹೇಳಿದಷ್ಟನ್ನು ಸರಿಯಾಗಿಯೇ ಮಾಡುತ್ತಿದೆ, ಟೆಸ್ಟ್ ಎಲ್ಲ ಪಾಸ್. ಯಾರೂ ಕೇಡು ಬಯಸಿಲ್ಲ, ಆದರೂ ಮೊಟ್ಟೆ ಒಡೆದಿದೆ. ಇಂಥ ಕಡೆ ತಪ್ಪಿತಸ್ಥನನ್ನು ಹುಡುಕುತ್ತಾ ಕೂತರೆ ಎಲ್ಲರೂ ಕೈತೊಳೆದುಕೊಳ್ಳಬಹುದು. ತಪ್ಪು ಬೇರೆ, ಹೊಣೆ ಬೇರೆ ಅಂತ ನನಗನಿಸೋದು ಇಲ್ಲೇ. ಗೊತ್ತಿಲ್ಲದಿದ್ದಾಗ ಆದದ್ದಕ್ಕೆ ನನ್ನನ್ನು ಬೈಯಬೇಡಿ. ಗೊತ್ತಾದ ಮೇಲೆ ಸುಮ್ಮನಿದ್ದರೆ ಬೈಯಿರಿ.

ದಾರಿಯೂ ಇಲ್ಲದಿಲ್ಲ. ಶರತ್ಕಾಲದಲ್ಲೇ ಬಿತ್ತುವ ಚಳಿಗಾಲದ ಗೋಧಿ ಹಾಕಿದರೆ ವಸಂತದಲ್ಲಿ ಹೊಲ ಉಳಬೇಕಿಲ್ಲ. ಅಲ್ಲಿ ಗೂಡುಗಳು ಹೆಚ್ಚು ಉಳಿಯುತ್ತವೆ. ಅದು ರೈತನ ಕೈಯಲ್ಲಿರೋದು. ನನ್ನ ಕೈಯಲ್ಲಿರೋದು ಚಿಕ್ಕದು: ಗೂಡು ಕಂಡ ರೈತ ಪರದೆ ಮೇಲೆ ಗುರುತು ಹಾಕಿದರೆ ಯಂತ್ರ ಬಳಸಿ ಹೋಗಬೇಕು ಅಂತ ಟಿಕೆಟ್ ಹಾಕಿದೆ.

"ಗಿರಾಕಿ ಯಾರಾದ್ರೂ ಕೇಳಿದ್ದಾರಾ?" ಅಂದರು ಮ್ಯಾನೇಜರ್.

ಇಲ್ಲ, ಯಾರೂ ಕೇಳಿಲ್ಲ. ಟಿಕೆಟ್ ಇನ್ನೂ ತೆರೆದೇ ಇದೆ. ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಮತ್ತೆ ಎತ್ತುತ್ತೇನೆ.