ಒಪ್ಪಿಕೊಂಡ ರಾಮ

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಒಂದು ಬುಧವಾರ ರಾತ್ರಿ ವಾಟ್ಸಪ್ಪಿನಲ್ಲಿ ಒಂದು ಕರಪತ್ರ ಬಂತು. ನಮ್ಮೂರ ಹವ್ಯಾಸಿ ಸಂಘದ ತಾಳಮದ್ದಳೆ, ಪ್ರಸಂಗ ವಾಲಿ ಮೋಕ್ಷ. ವಾಲಿಯ ಪಾತ್ರದ ಮುಂದೆ ಹಿರಿಯ ಅರ್ಥಧಾರಿಯೊಬ್ಬರ ಹೆಸರು, ರಾಮನ ಮುಂದೆ ನನ್ನ ಹೆಸರು. ಉಳಿದದ್ದು ಹನ್ನೊಂದು ದಿನ. ಪ್ರಸಂಗದ ಪುಸ್ತಕವನ್ನು ನಾನಿನ್ನೂ ಬಿಡಿಸಿರಲಿಲ್ಲ.

ಒಪ್ಪಿಕೊಂಡದ್ದು ಏಪ್ರಿಲಿನಲ್ಲಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕುಳಿತಿದ್ದ ಆ ಹಿರಿಯರು, ಊರಿಗೆಲ್ಲ ಅವರು ಮಾಷ್ಟ್ರು, 'ಈ ಸಲ ನನ್ನ ವಾಲಿಗೆ ನಿಮ್ಮ ರಾಮ ಆಗಬಹುದಾ?' ಎಂದು ಕೇಳಿದರು. ಅವರು ಕೇಳಿದ್ದೇ ಒಂದು ಗೌರವ. ಮೂರು ತಿಂಗಳು ಎಂಬುದು ಅಂದು ಮುಗಿಯದಷ್ಟು ಉದ್ದವಾಗಿ ಕಂಡಿತ್ತು. ನಾನು ತೆರಿಗೆ ಲೆಕ್ಕ ಬರೆಯುವವನು. ಜುಲೈ 31ರೊಳಗೆ ರಿಟರ್ನ್ಸ್ ಸಲ್ಲಿಸಬೇಕಾದವರೆಲ್ಲ ಜುಲೈಯಲ್ಲೇ ನನ್ನನ್ನು ನೆನೆಯುತ್ತಾರೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಹೋಳಿಗೆಯ ಎಲೆಯ ಮುಂದೆ ಅದು ನೆನಪಿಗೆ ಬರಲಿಲ್ಲ.

ಕರಪತ್ರ ನೋಡುತ್ತ ಮೊದಲು ಹೊಳೆದದ್ದು ಸುಳ್ಳು. ಮಳೆಗಾಲ, ಊರೆಲ್ಲ ಜ್ವರ. ಮಲಗಿದ್ದೇನೆ ಎಂದರೆ ಯಾರೂ ಅನುಮಾನಿಸರು. ಆಮೇಲೆ ಹೊಳೆದದ್ದು ಸ್ವಲ್ಪ ಮರ್ಯಾದಸ್ಥ ಕಾರಣ: 'ಕೆಟ್ಟದಾಗಿ ಮಾಡುವುದಕ್ಕಿಂತ ಮಾಡದಿರುವುದು ಮೇಲು. ಕಲೆಗೆ ಅನ್ಯಾಯ ಆಗಬಾರದು.' ಈ ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಅದನ್ನು ನಾನೇ ನಂಬಿಬಿಡುತ್ತಿದ್ದೆ. ಹಾಗಾಗಿ ಒಂದು ಪ್ರಶ್ನೆ ಹಾಕಿಕೊಂಡೆ. ಎದುರಿಗೆ ಮಾಷ್ಟ್ರ ಬದಲು ನನ್ನಂಥವನೇ ಒಬ್ಬ ಕೂತಿದ್ದರೆ, ಯಾರೂ ನನ್ನನ್ನರಿಯದ ಊರಿನಲ್ಲಿ ಇಪ್ಪತ್ತು ಮಂದಿ ಕೇಳುವವರಿದ್ದರೆ, ಇದೇ ತಯಾರಿಯಲ್ಲಿ ಹೋಗುತ್ತಿದ್ದೆನೇ? ಹೋಗುತ್ತಿದ್ದೆ. ಹೇಗೋ ಸುಧಾರಿಸಿಕೊಂಡು ಬರುತ್ತಿದ್ದೆ. ಅಂದರೆ ನಾನು ಕಾಯಹೊರಟದ್ದು ಕಲೆಯನ್ನಲ್ಲ, ನನ್ನ ಹೆಸರನ್ನು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಆ ಸಭೆಯಲ್ಲಿರುತ್ತಾರೆ, ಅವರ ಮುಂದೆ ತಡವರಿಸಬೇಕಲ್ಲ ಎಂಬ ಹೆದರಿಕೆಯದು.

ಸರಿ, ಹಾಗಾದರೆ ಕೊಟ್ಟ ಮಾತಿಗೆ ತಪ್ಪಬಾರದು, ಹೋಗಿ ಕೂರಬೇಕು ಎನ್ನೋಣವೇ? ಇಲ್ಲಿ ತಾಳಮದ್ದಳೆಯ ಸ್ವಭಾವ ಅಡ್ಡ ಬರುತ್ತದೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತವರು ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ, ಆ ಕ್ಷಣಕ್ಕೆ ಬೆಳೆಸುತ್ತಾರೆ. ಹರಿಕಥೆಯ ದಾಸರು ತಯಾರಿಲ್ಲದೆ ಬಂದರೆ ಕೆಡುವುದು ಹೆಚ್ಚಾಗಿ ಅವರದೇ ಹೆಸರು. ಇಲ್ಲಿ ಹಾಗಲ್ಲ. ಮರೆಯಿಂದ ಬಂದ ಬಾಣ ತಾಗಿ ಬಿದ್ದ ವಾಲಿ ಕೇಳುವ ಪ್ರಶ್ನೆಗಳಿಗೆ ತೂಕ ಬರುವುದು ರಾಮನ ಉತ್ತರದಿಂದ. ರಾಮ ಸೋತರೆ ವಾಲಿ ಗೆದ್ದಂತಲ್ಲ, ಇಬ್ಬರ ಅರ್ಥವೂ ಬಿತ್ತು. ಮಾಷ್ಟ್ರಂಥವರು ನನ್ನ ಸ್ಥಿತಿಯನ್ನು ಎರಡನೆಯ ಪದ್ಯಕ್ಕೇ ತಿಳಿದುಕೊಂಡು, ಒಳ್ಳೆಯ ಪ್ರಶ್ನೆಗಳನ್ನು ಬಾಯಲ್ಲೇ ನುಂಗಿಕೊಂಡು ನನ್ನನ್ನು ಕಾಪಾಡುತ್ತಾರೆ. ಅವರ ತಯಾರಿಯನ್ನೂ ನಾನೇ ವ್ಯರ್ಥಮಾಡಿದಂತೆ. ನಾನು ಕೊಟ್ಟ ಮಾತು ಏನು? ಅಂದು ಬಂದು ಕೂರುತ್ತೇನೆ ಎಂದೇ, ಅಥವಾ ನಿಮ್ಮ ಪ್ರಶ್ನೆಗೆ ಉತ್ತರವಾಗುತ್ತೇನೆ ಎಂದೇ?

ಈ ಪ್ರಶ್ನೆ ಪ್ರಸಂಗದ ಒಳಗೇ ಇದೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮ ತನ್ನ ಸಮರ್ಥನೆಗೆ ಕೊಡುವ ಕಾರಣಗಳಲ್ಲಿ ಒಂದು, ವಾನರರ ಎದುರು ಸುಗ್ರೀವನಿಗೆ ಮಾತು ಕೊಟ್ಟಿದ್ದೆ ಎಂಬುದು. ವಾಲಿಗೆ ನೋವು ರಾಮ ಮಾತು ನಡೆಸಿದ್ದರಿಂದಲ್ಲ, ನಡೆಸಿದ ರೀತಿಯಿಂದ. ಮಾತು ಉಳಿಯಿತು ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ.

ಅದೇ ಕಾಂಡದಲ್ಲಿ ಮುಂದೆ ಇನ್ನೊಂದು ಮಾತಿನ ಕಥೆಯಿದೆ. ಸೀತೆಯನ್ನು ಹುಡುಕಿಸುತ್ತೇನೆಂದ ಸುಗ್ರೀವ ರಾಜ್ಯ ಸಿಕ್ಕಿದ ಮೇಲೆ ಅಂತಃಪುರದಲ್ಲಿ ಕಳೆದುಹೋಗುತ್ತಾನೆ. ಮಳೆಗಾಲ ಮುಗಿಯುತ್ತದೆ. ಆಗ ಹನುಮಂತ ಅವನಿಗೆ ಹೇಳುವುದರ ಸಾರ ಇಷ್ಟು: ಅವರಾಗಿ ಬಂದು ಕೇಳುವವರೆಗೆ ತಡವಾಯಿತೆಂದು ಲೆಕ್ಕವಿಲ್ಲ, ಕೇಳಿಸಿಕೊಂಡು ಮಾಡಿದರೆ ತಡವಾದಂತೆಯೇ. ಲಕ್ಷ್ಮಣ ಬಿಲ್ಲು ಹಿಡಿದು ಬಾಗಿಲಿಗೆ ಬರುವುದು ಆಮೇಲೆ. ನಾನು ಎಷ್ಟೋ ಸಲ ಕೇಳಿದ ಕಥೆ. ಆ ರಾತ್ರಿ ಅದು ನನಗೇ ಹೇಳಿದಂತಿತ್ತು. ಮಾಷ್ಟ್ರು ಇನ್ನೂ ಫೋನ್ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಮಾಡಿದೆ.

'ಮಾಷ್ಟ್ರೇ, ನಾನು ಪುಸ್ತಕ ಬಿಡಿಸಿಲ್ಲ. ಇನ್ನು ದಿನಕ್ಕೆ ಒಂದು ಗಂಟೆ ಸಿಗಬಹುದು. ಅಷ್ಟರಲ್ಲಿ ನಿಮ್ಮೆದುರು ರಾಮ ಆಗುವುದಿಲ್ಲ. ಬೇರೆ ಯಾರೂ ಇಲ್ಲ ಅಂದರೆ ಖಂಡಿತ ಬರ್ತೇನೆ, ನಿದ್ದೆ ಬಿಟ್ಟಾದರೂ ಓದ್ತೇನೆ. ಏನು ಮಾಡಬೇಕು ನೀವೇ ಹೇಳಿ.'

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಇದನ್ನು ತಿಂಗಳ ಹಿಂದೆ ಹೇಳಬೇಕಿತ್ತು ಮಾರಾಯ್ರೆ' ಎಂದರು. ದನಿ ಏರಿರಲಿಲ್ಲ, ಅದೇ ಹೆಚ್ಚು ತಾಗಿತು. ಮತ್ತೆ ಕೇಳಿದರು: 'ಒಂದು ಗಂಟೆಯಲ್ಲಿ ಸುಗ್ರೀವ ಆಗ್ತದಲ್ಲ? ಸುಗ್ರೀವ ಮಾಡುವ ಹುಡುಗ ರಾಮನನ್ನೂ ಓದಿದ್ದಾನೆ. ಅವನನ್ನು ಕೇಳ್ತೇನೆ.'

ಹೂಂ ಎಂದೆ. ಫೋನ್ ಇಟ್ಟ ಮೇಲೆ ಹಗುರವಾಗಬೇಕಿತ್ತು, ಆಗಲಿಲ್ಲ. ಬಿಟ್ಟುಕೊಡಲು ಹೊರಟವನಿಗೂ ಪಾತ್ರ ಇಷ್ಟು ಸುಲಭದಲ್ಲಿ ಕೈಬಿಟ್ಟದ್ದು ಉರಿಯುತ್ತಿತ್ತು. 'ಛೇ, ನೀವೇ ಆಗಬೇಕು' ಎಂದು ಅವರು ಒತ್ತಾಯಿಸಲಿ ಎಂಬ ಆಸೆ ಎಲ್ಲೋ ಇತ್ತು ಎಂದು ಆಗ ತಿಳಿಯಿತು.

ಆ ಉರಿ ಆರಿದ ಮೇಲೆ ನನಗೆ ಕಂಡದ್ದು ಇದು. ಪ್ರದರ್ಶನಕ್ಕೆ ಕೊಡುವ ಮಾತಿನಲ್ಲಿ ಎರಡು ದಿನಾಂಕಗಳಿರುತ್ತವೆ. ಒಂದು ಕರಪತ್ರದಲ್ಲಿ ಅಚ್ಚಾಗುತ್ತದೆ. ಇನ್ನೊಂದು ಎಲ್ಲೂ ಅಚ್ಚಾಗುವುದಿಲ್ಲ: ಯಾರಿಗೂ ತೊಂದರೆಯಾಗದಂತೆ 'ಆಗುವುದಿಲ್ಲ' ಎನ್ನಲು ಇರುವ ಕೊನೆಯ ದಿನ. ನಾನು ತಪ್ಪಿಸಿಕೊಂಡದ್ದು ಎರಡನೆಯದನ್ನು. ಅದು ದಾಟಿದ ಮೇಲೆ ಬರಲಾರೆ ಎಂದು ಒಬ್ಬನೇ ತೀರ್ಮಾನಿಸುವ ಹಕ್ಕು ನನಗಿಲ್ಲ, ಏಕೆಂದರೆ ಅದರ ನಷ್ಟ ಬೇರೆಯವರದು. ಏನೂ ಆಗಿಲ್ಲವೆಂಬಂತೆ ಬರುತ್ತೇನೆ ಎನ್ನುವುದೂ ಸುಳ್ಳು. ಕಚೇರಿಯ ಕೆಲಸವನ್ನು ಬದಿಗಿಡೋಣವೆಂದರೆ ಅದೂ ಯಾರಿಗೋ ಕೊಟ್ಟ ಮಾತೇ. ತಪ್ಪಿದರೆ ತಡದ ಶುಲ್ಕ ಕಟ್ಟುವವರು ಅವರು. ಉಳಿದ ದಾರಿ ಒಂದೇ: ನನ್ನಲ್ಲಿ ನಿಜವಾಗಿ ಎಷ್ಟಿದೆ ಎಂಬ ಲೆಕ್ಕವನ್ನು ನಷ್ಟ ಅನುಭವಿಸುವವರ ಮುಂದಿಡುವುದು, ತೀರ್ಮಾನವನ್ನು ಅವರಿಗೆ ಬಿಡುವುದು, ಅವರು ಹೇಳಿದ್ದನ್ನು ಮಾಡುವುದು. ಅವರು 'ನೀವೇ ಬನ್ನಿ' ಎಂದಿದ್ದರೆ ನಿದ್ದೆಗೆಟ್ಟು ಓದಿ, ಹೋಗಿ, ಸೋತು ಬರಬೇಕಿತ್ತು. ಆ ಸೋಲು ಕೊಟ್ಟ ಮಾತಿನ ಬೆಲೆ.

ಭಾನುವಾರ ಜೋರು ಮಳೆ. ಸಭಾಂಗಣದ ತಗಡಿನ ಸದ್ದಿಗೆ ಚೆಂಡೆಯೇ ಕೆಲವೊಮ್ಮೆ ಕೇಳಿಸುತ್ತಿರಲಿಲ್ಲ. ಹುಡುಗನ ರಾಮ ಎರಡು ಕಡೆ ತಡವರಿಸಿದ, ಮೂರನೆಯ ಕಡೆ ಮಾಷ್ಟ್ರೇ ತಲೆದೂಗುವಂಥ ಉತ್ತರ ಕೊಟ್ಟ. ವಾಲಿ ಒಂದು ಪ್ರಶ್ನೆಯನ್ನೂ ನುಂಗಿಕೊಳ್ಳಲಿಲ್ಲ. ನಾನು ಸುಗ್ರೀವನಾಗಿ ಕುಳಿತು ಎಲ್ಲವನ್ನೂ ಹತ್ತಿರದಿಂದ ಕೇಳಿದೆ.

ಮುಗಿದ ಮೇಲೆ ಅವಲಕ್ಕಿ ತಿನ್ನುತ್ತಿದ್ದಾಗ ಪರಿಚಯದವರೊಬ್ಬರು, 'ಕರಪತ್ರದಲ್ಲಿ ನೀವು ರಾಮ ಅಲ್ವಾ?' ಎಂದು ಕೇಳಿದರು.

'ಹೌದು' ಎಂದೆ, 'ಓದಲಿಕ್ಕೆ ಆಗಲಿಲ್ಲ.'

ಈಗ ಯಾರಾದರೂ ಪಾತ್ರ ಕೇಳಿದರೆ ಡೈರಿಯಲ್ಲಿ ಎರಡು ದಿನಾಂಕ ಬರೆದುಕೊಳ್ಳುತ್ತೇನೆ. ಊಟದ ಪಂಕ್ತಿಯಲ್ಲಿ ಉತ್ತರ ಕೊಡುವುದಿಲ್ಲ.