ಯುಬಾಬಾಳ ಸ್ನಾನಗೃಹದಲ್ಲಿ ಮಾರ್ಕ್ಸ್

ಮೂಗು ಬಿಡಲಾಗದಂಥ ನಾತ ಹೊತ್ತ ಗಿರಾಕಿಯೊಬ್ಬ ಸ್ನಾನಗೃಹಕ್ಕೆ ಬಂದಿದ್ದಾನೆ. ನೆಲವೆಲ್ಲ ಕೆಸರು. ಅವನ ಮೈಗೆ ಮುಳ್ಳಿನ ಹಾಗೆ ಏನೋ ಚುಚ್ಚಿಕೊಂಡಿರುವುದು ಹತ್ತು ವರ್ಷದ ಹುಡುಗಿಯೊಬ್ಬಳ ಕೈಗೆ ತಗಲುತ್ತದೆ. ಹಗ್ಗ ಕಟ್ಟಿ ಆಳುಗಳೆಲ್ಲ ಸೇರಿ ಎಳೆದರೆ ಮೊದಲು ಬರುವುದು ಒಂದು ಸೈಕಲ್ಲು, ಅದರ ಬೆನ್ನಿಗೇ ಊರಿನ ಕಸವೆಲ್ಲ. ಬಂದವನು ಹೊಲಸು ತುಂಬಿಕೊಂಡ ನದಿಯ ದೇವರು ಎಂದು ಆಗ ತಿಳಿಯುತ್ತದೆ. ಮೈ ಹಗುರಾಗಿ ಅವನು ನಗುತ್ತ ಹಾರಿಹೋದ ಮೇಲೆ ನೆಲದಲ್ಲಿ ಚಿನ್ನದ ಪುಡಿ ಉಳಿದಿರುತ್ತದೆ. ಆಳುಗಳು ಮುಗಿಬಿದ್ದು ಬಾಚಿಕೊಳ್ಳುತ್ತಾರೆ. ಒಡತಿ ಯುಬಾಬಾ ಹುಡುಗಿಯನ್ನು ತಬ್ಬಿಕೊಂಡು ಹೊಗಳುತ್ತಾಳೆ, ಭರ್ಜರಿ ಲಾಭವಾಯಿತು ಎನ್ನುತ್ತಾಳೆ, ಇವತ್ತು ಎಲ್ಲರಿಗೂ ಸಾಕೆ ಕುಡಿಸುವುದಾಗಿ ಸಾರುತ್ತಾಳೆ. ಅದರ ಬೆನ್ನಲ್ಲೇ, ಬಾಚಿಕೊಂಡ ಚಿನ್ನವನ್ನೆಲ್ಲ ತಂದೊಪ್ಪಿಸಿ ಎಂದು ಅಪ್ಪಣೆಯಾಗುತ್ತದೆ. ಆಳುಗಳ ಮುಖ ಇಳಿದುಹೋಗುತ್ತದೆ.

ಹಯಾವೊ ಮಿಯಾಜಾಕಿ 2001ರಲ್ಲಿ ಮಾಡಿದ ‘ಸ್ಪಿರಿಟೆಡ್ ಅವೇ’ ಎಂಬ ಅನಿಮೇಷನ್ ಚಿತ್ರದ ದೃಶ್ಯವಿದು. ಕಾರ್ಲ್ ಮಾರ್ಕ್ಸ್ ‘ಪರಕೀಯತೆ’ ಎಂದು ಕರೆದ ವಿಚಾರವನ್ನು ಹೊಸಬರಿಗೆ ತಿಳಿಸಬೇಕಾದಾಗ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮಾರ್ಕ್ಸ್ ಇದನ್ನು ಬರೆದದ್ದು 1844ರಲ್ಲಿ, ಪ್ಯಾರಿಸ್ಸಿನಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ. ಅಚ್ಚಿಗೆಂದು ಬರೆದ ಪುಸ್ತಕವಲ್ಲ. ಓದುತ್ತ, ತನ್ನೊಳಗೇ ವಾದ ಮಾಡಿಕೊಳ್ಳುತ್ತ ಬರೆದಿಟ್ಟ ಹಸ್ತಪ್ರತಿಗಳು. ಅವು ಪೂರ್ತಿಯಾಗಿ ಪ್ರಕಟವಾಗುವ ಹೊತ್ತಿಗೆ 1932 ಬಂದಿತ್ತು. ಆದ್ದರಿಂದ ರಷ್ಯದ ಕ್ರಾಂತಿ ಮಾಡಿದವರೇ ಇದನ್ನು ಓದಿರಲಿಲ್ಲ. ಮುಂದೆ ‘ಬಂಡವಾಳ’ (ದಾಸ್ ಕ್ಯಾಪಿಟಲ್) ಬರೆದ ಲೆಕ್ಕಾಚಾರದ ಮಾರ್ಕ್ಸ್ ಇಲ್ಲಿ ಇನ್ನೂ ಕಾಣುವುದಿಲ್ಲ. ದುಡಿಯುವ ಮನುಷ್ಯನಿಗೆ ಒಳಗೆ ಏನಾಗುತ್ತದೆ ಎಂದು ಕೇಳುವ ತತ್ತ್ವಶಾಸ್ತ್ರದ ವಿದ್ಯಾರ್ಥಿ ಕಾಣುತ್ತಾನೆ.

ಅವನ ಮಾತಿನ ತಿರುಳು ಇಷ್ಟು. ಏನನ್ನಾದರೂ ಮಾಡುವುದು, ಕಟ್ಟುವುದು, ಬೆಳೆಯುವುದು ಮನುಷ್ಯನ ಸ್ವಭಾವ. ಪ್ರಾಣಿ ಹಸಿವಿಗೆ ತಕ್ಕಷ್ಟು ಮಾಡಿಕೊಂಡರೆ, ಮನುಷ್ಯ ಹಸಿವಿಲ್ಲದಾಗಲೂ ಮಾಡುತ್ತಾನೆ, ಚೆಂದಕ್ಕೂ ಮಾಡುತ್ತಾನೆ. ಆ ದುಡಿಮೆಯೇ ಇನ್ನೊಬ್ಬರ ಸ್ವತ್ತಾದಾಗ ನಾಲ್ಕು ನಂಟುಗಳು ಕಡಿದುಹೋಗುತ್ತವೆ: ಮಾಡಿದ ವಸ್ತುವಿನ ಜೊತೆಗಿನದು, ಮಾಡುವ ಕೆಲಸದ ಜೊತೆಗಿನದು, ತನ್ನ ಮನುಷ್ಯತನದ ಜೊತೆಗಿನದು, ಪಕ್ಕದಲ್ಲಿ ದುಡಿಯುವವರ ಜೊತೆಗಿನದು. ಹಬ್ಬಕ್ಕೆ ಮನೆಯಲ್ಲಿ ಹೋಳಿಗೆ ತಟ್ಟುವವಳಿಗೂ ಅಂಗಡಿಯಲ್ಲಿ ದಿನಗೂಲಿಗೆ ತಟ್ಟುವವಳಿಗೂ ಕಣಕ ಒಂದೇ, ಹೂರಣ ಒಂದೇ, ಕೈಚಳಕವೂ ಒಂದೇ. ಮನೆಯವಳಿಗೆ ಯಾರ ಎಲೆಗೆ ಯಾವುದು, ಯಾರಿಗೆ ತುಪ್ಪ ಹೆಚ್ಚು ಎಂದು ಗೊತ್ತು. ಅಂಗಡಿಯವಳ ಹೋಳಿಗೆ ಹೆಂಚಿನಿಂದ ಇಳಿದ ಕ್ಷಣವೇ ಅವಳದಾಗಿ ಉಳಿಯುವುದಿಲ್ಲ. ಎಷ್ಟು ತಟ್ಟಬೇಕು, ಎಷ್ಟು ದಪ್ಪ, ಯಾವಾಗ ನಿಲ್ಲಿಸಬೇಕು ಎಂಬುದೂ ಅವಳದಲ್ಲ. ಅವಳಿಗೆ ಕೂಲಿ ಹೆಚ್ಚು ಕೊಟ್ಟರೆ ಬದುಕು ಸುಧಾರಿಸೀತು, ಆದರೆ ಹೋಳಿಗೆ ಅವಳದಾಗುವುದಿಲ್ಲ. ಶೋಷಣೆಗೂ ಪರಕೀಯತೆಗೂ ಇರುವ ವ್ಯತ್ಯಾಸ ಇದೇ. ಶೋಷಣೆಯನ್ನು ಲೆಕ್ಕಪುಸ್ತಕದಲ್ಲಿ ತೋರಿಸಬಹುದು. ಪರಕೀಯತೆ ಅಷ್ಟು ಸುಲಭಕ್ಕೆ ಲೆಕ್ಕಕ್ಕೆ ಸಿಗುವುದಿಲ್ಲ.

ಜಪಾನಿನ ಅನಿಮೆಗಳಲ್ಲಿ ಶೋಷಣೆಯ ಚಿತ್ರಗಳಿಗೆ ಕೊರತೆಯಿಲ್ಲ. ಲೇಜಿ ಮತ್ಸುಮೊತೊ ಅವರ ‘ಗ್ಯಾಲಕ್ಸಿ ಎಕ್ಸ್‌ಪ್ರೆಸ್ 999’ರಲ್ಲಿ ಕಾಸುಳ್ಳವರು ಯಂತ್ರದ ಮೈ ಕೊಂಡು ಸಾವನ್ನೇ ದೂರವಿಡುತ್ತಾರೆ, ಬಡವರನ್ನು ಅವರು ಬೇಟೆಯಾಡುತ್ತಾರೆ. ‘ಕೈಜಿ’ಯಲ್ಲಿ ಸಾಲ ತೀರಿಸಲಾಗದವರನ್ನು ನೆಲದಡಿಯ ಸುರಂಗ ತೋಡಲು ಹಾಕುತ್ತಾರೆ. ಅಲ್ಲಿನ ಕೂಲಿ ಪೆರಿಕಾ ಎಂಬ ಖಾಸಗಿ ನಾಣ್ಯದಲ್ಲಿ, ಅದರ ಬೆಲೆ ಯೆನ್ನಿನ ಹತ್ತನೇ ಒಂದು ಭಾಗ. ಆ ಪೆರಿಕಾವನ್ನೂ ಮೇಸ್ತ್ರಿಯೇ ಬಿಯರು, ಕುರುಕಲು ಮಾರಿ ವಾಪಸು ಕಿತ್ತುಕೊಳ್ಳುತ್ತಾನೆ. ನೋಡುವವರ ರಕ್ತ ಕುದಿಯುತ್ತದೆ. ಆದರೆ ಇವೆರಡರಲ್ಲೂ ಕೆಟ್ಟವರು ಯಾರೆಂದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ. ಕೆಟ್ಟವರನ್ನು ಸೋಲಿಸಿದರೆ ಎಲ್ಲ ಸರಿಹೋದೀತು ಎಂಬ ಭ್ರಮೆಗೆ ಅವು ಎಡೆಕೊಡುತ್ತವೆ.

ಮಿಯಾಜಾಕಿಯ ಸ್ನಾನಗೃಹ ಹಾಗಿಲ್ಲ. ಆ ಹತ್ತು ವರ್ಷದ ಹುಡುಗಿಯ ಹೆಸರು ಚಿಹಿರೊ. ಹೊಸ ಊರಿಗೆ ಮನೆ ಬದಲಿಸುತ್ತಿದ್ದ ಅವಳ ಅಪ್ಪ ಅಮ್ಮ ದಾರಿ ತಪ್ಪಿ ಪಾಳುಬಿದ್ದ ಥೀಮ್ ಪಾರ್ಕಿನಂಥ ಜಾಗಕ್ಕೆ ಬರುತ್ತಾರೆ. ತೊಂಬತ್ತರ ಸುಮಾರಿಗೆ ಇಂಥವನ್ನು ಎಲ್ಲೆಂದರಲ್ಲಿ ಕಟ್ಟಲು ಹೊರಟಿದ್ದರು, ಆರ್ಥಿಕತೆಯ ಬಬಲ್ ಒಡೆದಾಗ ಎಲ್ಲ ದಿವಾಳಿಯಾದವು ಎಂದು ಅಪ್ಪ ಹೇಳುತ್ತಾನೆ. ಇದು ಇತಿಹಾಸವೇ. 1987ರ ರೆಸಾರ್ಟ್ ಕಾಯ್ದೆಯ ಹುರುಪಿನಲ್ಲಿ ಊರೂರಿಗೆ ಪಾರ್ಕುಗಳ ಯೋಜನೆ ಎದ್ದವು. 1989ರ ಡಿಸೆಂಬರಿನಲ್ಲಿ ನಿಕ್ಕೆ ಷೇರು ಸೂಚ್ಯಂಕ 38,915ಕ್ಕೆ ಏರಿ, ಮರುವರ್ಷದಿಂದ ಜಾರತೊಡಗಿತು. ಆ ಪಾರ್ಕಿನ ತಿನಿಸಿನ ಅಂಗಡಿಯೊಂದರಲ್ಲಿ ಯಾರೂ ಇಲ್ಲದಿದ್ದರೂ ಅಪ್ಪ ಅಮ್ಮ ತಿನ್ನಲು ಕೂರುತ್ತಾರೆ. ಕಾರ್ಡೂ ಇದೆ, ನಗದೂ ಇದೆ ಎಂಬುದು ಅಪ್ಪನ ಧೈರ್ಯ. ತಿನ್ನುತ್ತ ತಿನ್ನುತ್ತ ಇಬ್ಬರೂ ಹಂದಿಗಳಾಗುತ್ತಾರೆ. ಈ ಚಿತ್ರವನ್ನು ಬಂಡವಾಳಶಾಹಿಯ ಟೀಕೆಯೆಂದು ಬಣ್ಣಿಸುವವರು ಮೊದಲು ಎತ್ತಿಕೊಳ್ಳುವುದು ಈ ದೃಶ್ಯವನ್ನೇ. ನನ್ನ ಮಟ್ಟಿಗೆ ವಿಚಾರದ ದೃಷ್ಟಿಯಿಂದ ಇದು ಚಿತ್ರದ ತೀರಾ ತೆಳುವಾದ ಭಾಗ. ದುರಾಸೆಗೆ ಶಿಕ್ಷೆ ಎಂಬುದು ಅಜ್ಜಿಕತೆಗಳಲ್ಲೂ ಇದೆ, ಅದಕ್ಕೆ ಮಾರ್ಕ್ಸ್ ಬೇಕಾಗಿಲ್ಲ.

ಮಾರ್ಕ್ಸ್ ಬೇಕಾಗುವುದು ಕರಾರುಪತ್ರ ಬಂದಾಗ. ದೇವರುಗಳು ಮೀಯಲು ಬರುವ ಆ ಲೋಕದಲ್ಲಿ ಕೆಲಸವಿಲ್ಲದವರನ್ನು ಯುಬಾಬಾ ಪ್ರಾಣಿಯಾಗಿಸುತ್ತಾಳೆ. ಹಾಗಾಗಿ ಚಿಹಿರೊ ಕೆಲಸ ಕೊಡಿ ಎಂದು ಪಟ್ಟು ಹಿಡಿಯುತ್ತಾಳೆ. ಯುಬಾಬಾ ಬಲವಂತ ಮಾಡುವುದಿಲ್ಲ. ಬೇಡುವುದು ಹುಡುಗಿಯೇ, ಸಹಿ ಹಾಕುವುದೂ ಅವಳೇ. ಬೇರೆ ದಾರಿಯಿಲ್ಲದವರು ಒಪ್ಪಿ ಮಾಡಿದ ಸಹಿಯನ್ನು ಸ್ವಇಚ್ಛೆ ಎನ್ನಬಹುದೇ ಎಂಬುದು 1844ರ ಹಸ್ತಪ್ರತಿಯ ಪ್ರಶ್ನೆ ಕೂಡ. ಕೂಲಿಗೆ ಒಪ್ಪಿದ ದುಡಿಮೆಯನ್ನೂ ಮಾರ್ಕ್ಸ್ ಬಲವಂತದ ದುಡಿಮೆಯೆಂದೇ ಕರೆದ. ಸಹಿ ಬಿದ್ದ ಕೂಡಲೇ ಹೆಸರಿನ ಅಕ್ಷರಗಳು ಕಾಗದದಿಂದ ಎದ್ದು ಯುಬಾಬಾಳ ಮುಷ್ಟಿ ಸೇರುತ್ತವೆ. ಉಳಿಯುವುದು ಒಂದೇ ಅಕ್ಷರ, ಅಲ್ಲಿಂದ ಮುಂದೆ ಅವಳು ‘ಸೆನ್’. ಹೆಸರು ಮರೆತರೆ ಮನೆಗೆ ಹಿಂತಿರುಗುವ ದಾರಿ ಇಲ್ಲ ಎಂದು ಎಚ್ಚರಿಸುವ, ಯುಬಾಬಾಳ ಕೈಕೆಳಗಿನ ಹುಡುಗ ಹಾಕು ಸ್ವತಃ ತನ್ನ ಹೆಸರು ಮರೆತವನು. ಅವನು ಒಂದು ನದಿ. ಅದನ್ನು ಮುಚ್ಚಿ ಮೇಲೆ ಅಪಾರ್ಟ್‌ಮೆಂಟು ಕಟ್ಟಿದ್ದಾರೆ.

ಇನ್ನೊಂದು ಸಣ್ಣ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಬಾಯ್ಲರ್ ಕೋಣೆಯಲ್ಲಿ ಆರು ಕೈಯ ಕಮಾಜಿ ಮುದುಕ ಒಲೆ ನೋಡಿಕೊಳ್ಳುತ್ತಾನೆ. ಮಸಿಯ ಉಂಡೆಗಳಂಥ ಪುಟಾಣಿಗಳು ತಮಗಿಂತ ದೊಡ್ಡ ಕಲ್ಲಿದ್ದಲ ತುಂಡುಗಳನ್ನು ಹೊತ್ತು ತಂದು ಒಲೆಗೆ ಹಾಕುತ್ತವೆ. ಒಂದು ಪುಟಾಣಿ ಭಾರಕ್ಕೆ ಅಪ್ಪಚ್ಚಿಯಾದಾಗ ಚಿಹಿರೊ ಆ ತುಂಡನ್ನು ಎತ್ತಿಕೊಳ್ಳುತ್ತಾಳೆ. ಎತ್ತಿಕೊಂಡ ಮೇಲೆ ಕೊನೆಯವರೆಗೂ ಮಾಡು ಎಂದು ಮುದುಕ ಗದರಿಸುತ್ತಾನೆ. ಅವಳು ಏದುಸಿರು ಬಿಡುತ್ತ ಹೋಗಿ ಒಲೆಗೆ ಹಾಕಿ ಬರುತ್ತಾಳೆ. ಇದನ್ನು ಕಂಡ ಉಳಿದ ಪುಟಾಣಿಗಳೂ ತುಂಡುಗಳನ್ನು ಕೆಡವಿ, ತಾವೂ ಅಪ್ಪಚ್ಚಿಯಾದಂತೆ ನಾಟಕ ಹೂಡುತ್ತವೆ. ಇನ್ನೊಬ್ಬರ ಕೆಲಸ ಕಿತ್ತುಕೊಳ್ಳಬೇಡ, ದುಡಿಯದಿದ್ದರೆ ಇವುಗಳ ಮಂತ್ರ ಬಿಟ್ಟುಹೋಗಿ ಬರೀ ಮಸಿಯಾಗುತ್ತವೆ ಎನ್ನುತ್ತಾನೆ ಕಮಾಜಿ. ನಗು ತರಿಸುವ ದೃಶ್ಯವೇ. ಅದರೊಳಗೆ ಒಬ್ಬಳ ಸಹಾಯ ಇನ್ನೊಬ್ಬರ ಅನ್ನಕ್ಕೆ ಕುತ್ತಾಗುವ ವ್ಯವಸ್ಥೆಯೂ ಇದೆ. ಮಾರ್ಕ್ಸ್ ಹೇಳಿದ ನಾಲ್ಕನೆಯ ನಂಟು ಕಡಿಯುವುದು ಹೀಗೆ. ಒಳ್ಳೆಯತನವನ್ನೂ ಅಲ್ಲಿ ಕಟ್ಟುನಿಟ್ಟಾಗಿ ಅಳೆದು ಕೊಡಬೇಕಾಗುತ್ತದೆ.

ಕಾವೊನಾಶಿ ಎಂಬ ಮುಖವಾಡದ ಜೀವಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ, ಹೆಚ್ಚು ಹೇಳುವುದಿಲ್ಲ. ಅವನಿಗೆ ಸ್ವಂತ ಮಾತಿಲ್ಲ, ನುಂಗಿದವರ ದನಿಯಲ್ಲಿ ಮಾತಾಡುತ್ತಾನೆ. ಅಂಗೈಯಿಂದ ಚಿನ್ನ ಉದುರಿಸಿ ಎಲ್ಲರನ್ನೂ ಕುಣಿಸುತ್ತಾನೆ. ಕೊನೆಗೆ ಆ ಚಿನ್ನ ಮಣ್ಣಾಗುತ್ತದೆ.

ಈ ಓದಿಗೆ ಒಂದು ಗಟ್ಟಿ ಆಕ್ಷೇಪವಿದೆ. ಚಿಹಿರೊ ಗಟ್ಟಿಗಿತ್ತಿಯಾಗುವುದು ಇದೇ ಸ್ನಾನಗೃಹದಲ್ಲಿ ನೆಲ ಒರೆಸಿ, ತೊಟ್ಟಿ ಉಜ್ಜಿ ತಾನೆ? ಹಾಗಾದರೆ ಚಿತ್ರ ಶ್ರಮವನ್ನು ಹೊಗಳುತ್ತಿದೆ, ಬಂಡವಾಳಶಾಹಿಯನ್ನು ತೆಗಳುತ್ತಿಲ್ಲ ಎನ್ನುವವರಿದ್ದಾರೆ. ಮೊದಲರ್ಧ ಸರಿ. ಮಾರ್ಕ್ಸ್ ಕೂಡ ದುಡಿಮೆಯನ್ನು ದ್ವೇಷಿಸಿದವನಲ್ಲ. ದುಡಿಮೆಯೇ ಮನುಷ್ಯನ ಸ್ವಭಾವ ಎಂದಿದ್ದರಿಂದಲೇ ಅದು ಕೈತಪ್ಪಿದ್ದು ಅವನಿಗೆ ಅಷ್ಟು ದೊಡ್ಡ ನಷ್ಟವಾಗಿ ಕಂಡಿತು. ಮಿಯಾಜಾಕಿ ಈ ಅಂತರವನ್ನು ಜೆನಿಬಾಳ ಗುಡಿಸಲಿನಲ್ಲಿ ತೋರಿಸುತ್ತಾರೆ. ಯುಬಾಬಾಳ ಅವಳಿ ಸಹೋದರಿಯಾದ ಈ ಜೆನಿಬಾಳಿಗೂ ಮಂತ್ರ ಗೊತ್ತು. ಆದರೂ ಚಿಹಿರೊಳಿಗೆ ಕೂದಲು ಕಟ್ಟುವ ದಾರವನ್ನು ಮಂತ್ರದಿಂದ ಮಾಡಿದರೆ ಪ್ರಯೋಜನವಿಲ್ಲ ಎಂದು, ಜೊತೆಗೆ ಬಂದವರೆಲ್ಲರ ಕೈಯಲ್ಲಿ ನೂಲಿಸಿ ಹೆಣೆಯಿಸುತ್ತಾಳೆ. ಕಾವೊನಾಶಿಯೂ ಚರಕದ ಮುಂದೆ ಕೂರುತ್ತಾನೆ. ಯಾರಿಗಾಗಿ ಮಾಡುತ್ತಿದ್ದೇವೆ ಎಂದು ಎಲ್ಲರಿಗೂ ಗೊತ್ತು, ಮಾಡಿದ್ದು ಅವರ ಕಣ್ಣೆದುರೇ ಸೇರಬೇಕಾದವಳ ಕೈ ಸೇರುತ್ತದೆ. ಅನಿಮೆಯಲ್ಲಿ ನಾನು ಕಂಡ ಅತ್ಯಂತ ತೀಕ್ಷ್ಣವಾದ ಬಂಡವಾಳಶಾಹಿ ವಿರೋಧ ಈ ನೂಲುವ ದೃಶ್ಯದಲ್ಲಿದೆ.

ಮಿಯಾಜಾಕಿಗೆ ಇದೆಲ್ಲ ಪುಸ್ತಕದಿಂದ ಮಾತ್ರ ಬಂದದ್ದಲ್ಲ. 1963ರಲ್ಲಿ ತೋಯೆ ದೋಗಾ ಸ್ಟುಡಿಯೋ ಸೇರಿದ ಅವರು ಮರುವರ್ಷವೇ ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿಯಾದರು. ಗೆಳೆಯ ಇಸಾವೊ ತಕಾಹಟಾ ಉಪಾಧ್ಯಕ್ಷರು. ಸಂಘದ ಒಡನಾಟದಲ್ಲೇ ರೂಪುಗೊಂಡು 1968ರಲ್ಲಿ ತೆರೆಕಂಡ ಹೋರುಸ್ ರಾಜಕುಮಾರನ ಚಿತ್ರದಲ್ಲಿ ಒಂದಿಡೀ ಹಳ್ಳಿ ಒಗ್ಗಟ್ಟಾಗಿ ಹಿಮದ ರಾಕ್ಷಸನನ್ನು ಎದುರಿಸುತ್ತದೆ. ಚಿತ್ರ ಥಿಯೇಟರುಗಳಿಂದ ಬೇಗನೆ ಎತ್ತಂಗಡಿಯಾಯಿತು, ಅದನ್ನು ನಿರ್ದೇಶಿಸಿದ್ದ ತಕಾಹಟಾಗೆ ಆ ಸಂಸ್ಥೆ ಮತ್ತೆ ನಿರ್ದೇಶನ ಕೊಡಲಿಲ್ಲ. ಅದೇ 1963ರಲ್ಲಿ ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ ಕಂತುಗಳನ್ನು ಟಿವಿಗೆ ತೀರಾ ಅಗ್ಗಕ್ಕೆ ಮಾರಿದ್ದರು. ಆ ಬೆಲೆಯೇ ಉದ್ಯಮದ ವಾಡಿಕೆಯಾಗಿಬಿಟ್ಟಿತೆಂದು ಮಿಯಾಜಾಕಿ ದೂರಿದ್ದುಂಟು. ಚಿತ್ರಗಳ ನಡುವಿನ ಚಲನೆಯನ್ನು ಬರೆಯುವವರಿಗೆ ಇವತ್ತಿಗೂ ಅನೇಕ ಕಡೆ ಹಾಳೆಗಿಷ್ಟು ಎಂಬ ಲೆಕ್ಕದಲ್ಲೇ ಕೂಲಿ. ಮಿಯಾಜಾಕಿಯ ಘಿಬ್ಲಿ ಸ್ಟುಡಿಯೋ 1989ರಲ್ಲಿ ಇಂಥವರನ್ನು ಸಂಬಳದ ಕಾಯಂ ನೌಕರರನ್ನಾಗಿ ಮಾಡಿಕೊಂಡಿದ್ದು ಆ ಉದ್ಯಮದಲ್ಲಿ ಅಪರೂಪದ ನಡೆ.

ಮಿಯಾಜಾಕಿ ಆಮೇಲೆ ಮಾರ್ಕ್ಸ್‌ವಾದವನ್ನು ಬಿಟ್ಟರು. ‘ನೌಸಿಕಾ’ ಕಾಮಿಕ್ಸನ್ನು 1994ರಲ್ಲಿ ಮುಗಿಸುವ ಹೊತ್ತಿಗೆ ಆ ನಂಬಿಕೆ ಕಳಚಿತ್ತೆಂದು ಅವರೇ ಹೇಳಿದ್ದಾರೆ. 1997ರ ‘ಪ್ರಿನ್ಸೆಸ್ ಮೊನೊನೊಕೆ’ ನೋಡಿದರೆ ಯಾಕೆಂದು ಊಹಿಸಬಹುದು. ಕಾಡು ಕಡಿದು ಕಬ್ಬಿಣ ತೆಗೆಯುವ ಎಬೋಷಿಯೇ ಅಲ್ಲಿ ವೇಶ್ಯಾಗೃಹಗಳಿಂದ ಬಿಡಿಸಿ ತಂದ ಹೆಂಗಸರಿಗೆ, ಕುಷ್ಠರೋಗಿಗಳಿಗೆ ಕೆಲಸ ಮತ್ತು ಮರ್ಯಾದೆ ಕೊಟ್ಟವಳು. ಅವಳನ್ನು ಬರೀ ಧಣಿ ಎಂದು ತಳ್ಳಿಹಾಕಲು ಚಿತ್ರ ಬಿಡುವುದಿಲ್ಲ. ಆದರೂ ನಾಲ್ಕು ವರ್ಷದ ಬಳಿಕ ಯುಬಾಬಾಳ ಸ್ನಾನಗೃಹ ಬಂತು. ವಾದ ಬಿಟ್ಟವರ ಕೈಯಲ್ಲಿ ವಿಚಾರ ಉಳಿದುಕೊಂಡಿತ್ತು.

ಈ ಚಿತ್ರಗಳೂ ಮಾರುಕಟ್ಟೆಯ ಹೊರಗಿಲ್ಲ. ‘ಸ್ಪಿರಿಟೆಡ್ ಅವೇ’ ಜಪಾನಿನಲ್ಲಿ 3,000 ಕೋಟಿ ಯೆನ್ ಮೀರಿ ಗಳಿಸಿ 2020ರವರೆಗೂ ಮೊದಲ ಸ್ಥಾನದಲ್ಲಿತ್ತು. ಘಿಬ್ಲಿಗೆ 2022ರಿಂದ ಅದರದೇ ಒಂದು ಪಾರ್ಕೂ ಇದೆ. 2025ರ ಮಾರ್ಚಿನಲ್ಲಿ ನಮ್ಮಲ್ಲೂ ಮದುವೆ ಫೋಟೋದಿಂದ ರಾಜಕಾರಣಿಗಳವರೆಗೆ ಎಲ್ಲವೂ ಎಐ ಮೂಲಕ ಘಿಬ್ಲಿ ಶೈಲಿಗೆ ತಿರುಗಿದವಲ್ಲ, ಬರೆದ ಕೈಯಿಂದ ಬರೆದದ್ದನ್ನು ಇಷ್ಟು ಪೂರ್ತಿಯಾಗಿ ಬೇರ್ಪಡಿಸಿದ ಉದಾಹರಣೆ 1844ರ ಮಾರ್ಕ್ಸ್‌ಗೆ ಸಿಕ್ಕಿರಲಿಕ್ಕಿಲ್ಲ.

ಚಿತ್ರ ನೋಡಿರದವರು ಮೊದಲು ಅದನ್ನು ನೋಡಿ. ಆಮೇಲೆ ಹಸ್ತಪ್ರತಿಗಳಲ್ಲಿ ಪರಕೀಯ ದುಡಿಮೆಯ ಭಾಗವನ್ನಷ್ಟೇ ಓದಿ. ಒಂದು ಸಂಜೆಗೆ ಮುಗಿಯುವಷ್ಟು ಚಿಕ್ಕದು. ಮಾರ್ಕ್ಸ್‌ನ ಓದನ್ನು ‘ಬಂಡವಾಳ’ದ ದಪ್ಪ ಸಂಪುಟದಿಂದ ಶುರುಮಾಡಿ ಅರ್ಧಕ್ಕೇ ಕೈಬಿಡುವುದಕ್ಕಿಂತ ಇದು ಮೇಲು.