‘ತಿನ್ನಬಹುದು’ ಅಂತ ಹೇಳುವ ಹಕ್ಕು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಿಂದ ಅವ್ವ ವಾಟ್ಸಾಪಲ್ಲಿ ಅಣಬೆಯ ಫೋಟೊ ಹಾಕಿ, “ಇದು ತಿನ್ನಾಕ ಬರ್ತೈತೇನಪ್ಪ?” ಅಂತ ಕೇಳಿದರು ಅಂದುಕೊಳ್ಳಿ. ನೀವು ಬೆಂಗಳೂರಲ್ಲಿ ಕೂತು ಆ್ಯಪಿಗೆ ತೋರಿಸ್ತೀರಿ. ಅದು ಒಂದು ಹೆಸರು ಹೇಳುತ್ತೆ. “ಹ್ಞೂಂ, ತಿನ್ನಬೌದು” ಅಂತೀರಿ. ಸಾರಾಗುತ್ತೆ, ಊಟ ಆಗುತ್ತೆ, ಯಾರಿಗೂ ಏನೂ ಆಗಲ್ಲ. ಈಗ ಹೇಳಿ, ನೀವು ತಪ್ಪು ಮಾಡಿದಿರಾ?

ಕ್ಲೋರೋಫಿಲ್ಲಮ್ ಕುಲದ ಎರಡು ಪ್ರಭೇದಗಳನ್ನು ನೋಡಿ. ರಾಕೋಡಿಸ್ ಯುರೋಪಿನದು. ಅದನ್ನು ಚೆನ್ನಾಗಿ ಬೇಯಿಸಿ ತಿನ್ನುವವರಿದ್ದಾರೆ, ಆದರೆ ಕೆಲವರಿಗೆ ಒಗ್ಗಲ್ಲ. ಮಾಲಿಬ್ಡೈಟಿಸ್ ನಮ್ಮಂಥ ಬಿಸಿ ನಾಡುಗಳ ಹುಲ್ಲಿನಲ್ಲಿ ಮಳೆಯಾದ ಮೇಲೆ ಏಳುತ್ತೆ. ಅದು ವಿಷ: ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ಎರಡಕ್ಕೂ ಅದೇ ಬಿಳಿ ಕೊಡೆ, ಅದೇ ಕಂದು ಹುರುಪೆ, ಕಾಂಡದ ಸುತ್ತ ಅದೇ ಉಂಗುರ. ಎಳೆಯದಾಗಿದ್ದಾಗ ಕೊಡೆಯಡಿಯ ಪದರಗಳೂ ಎರಡರಲ್ಲೂ ಬಿಳಿಯೇ. ಅರಳಿದ ಟೊಪ್ಪಿಗೆಯನ್ನು ಹಾಳೆ ಮೇಲಿಟ್ಟು ರಾತ್ರಿಯಿಡೀ ಬಿಟ್ಟರೆ ಬೀಜಕಗಳ ಪುಡಿ ಉದುರುತ್ತೆ. ರಾಕೋಡಿಸ್‌ದು ಬಿಳಿ, ಮಾಲಿಬ್ಡೈಟಿಸ್‌ದು ಹಸಿರು. ಹಾಗಂತ ಬಿಳಿ ಬಂದರೆ ಗೆದ್ದೆವು ಅಂತಲ್ಲ. ಪ್ರಾಣ ತೆಗೆಯುವ ಅಮಾನಿಟಾಗಳ ಪುಡಿಯೂ ಬಿಳಿಯೇ!

ಅಂದರೆ ಆ ಫೋಟೊದಲ್ಲಿ ಉತ್ತರವೇ ಇರಲಿಲ್ಲ. ನಿಮ್ಮ ಮಾತು ನಿಜವಾಗಿದ್ದು ಅದೃಷ್ಟದಿಂದ.

ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ಒಬ್ಬ ಹಡಗಿನ ಮಾಲೀಕನ ಉದಾಹರಣೆ ಕೊಟ್ಟಿದ್ದ. ಹಳೇ ಹಡಗು. ಅನುಮಾನಗಳನ್ನೆಲ್ಲ ಅದುಮಿಕೊಂಡು, ‘ಏನೂ ಆಗಲ್ಲ’ ಅಂತ ಮನಸಾರೆ ನಂಬಿ ಜನರನ್ನು ಕಳಿಸುತ್ತಾನೆ. ಮುಳುಗಿದರೆ ಅಪರಾಧಿ, ಸರಿ. ಸುರಕ್ಷಿತವಾಗಿ ದಡ ಮುಟ್ಟಿದರೂ ಅಷ್ಟೇ ಅಪರಾಧಿ ಅನ್ನುತ್ತಾನೆ ಕ್ಲಿಫರ್ಡ್. ಹಾಗೆ ನಂಬುವ ಹಕ್ಕೇ ಅವನಿಗಿರಲಿಲ್ಲ.

‘ಹೀಗೆ ಅನುಮಾನಿಸ್ತಾ ಕೂತರೆ ಬದುಕೋದು ಹೇಗೆ? ಹಳ್ಳಿಯವರು ಹಾಳೆ ಇಟ್ಟು ನೋಡ್ತಾರಾ?’ ಅನ್ನಬಹುದು. ಇಲ್ಲ. ಆದರೆ ವರ್ಷವರ್ಷ ಅದೇ ಹುತ್ತದ ಮೇಲೆ ಏಳುವ ಅಣಬೆಯನ್ನು ಹಿರಿಯರ ಜೊತೆ ಹೋಗಿ ಕಿತ್ತು, ಮುಟ್ಟಿ, ಮೂಸಿ ಕಲಿತವರ ಧೈರ್ಯ ದುಡಿದು ಗಳಿಸಿದ್ದು. ನಮ್ಮದು ಕಡ ತಂದದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಆ ಎರಡು ಅಣಬೆಗಳ ಹಾಗೇ.

ನಮ್ಮ ತಟ್ಟೆಗೆ ನಾವೇ ಹಾಕಿಕೊಂಡರೆ ಅದು ನಮ್ಮ ಹಣೆಬರಹ. ಇನ್ನೊಬ್ಬರ ತಟ್ಟೆಗೆ ಬಡಿಸುವಾಗ ‘ನನಗೆ ಹಾಗನ್ನಿಸಿತು’ ಅನ್ನೋದು ಸಾಲದು. ‘ಗೊತ್ತಿಲ್ಲ’ ಅಂದರೆ ಹೋಗೋದು ಒಂದು ಹೊತ್ತಿನ ಸಾರು, ಸ್ವಲ್ಪ ಜಂಬ. ಅಷ್ಟೇ ತಾನೆ?